ಗಂಜಲವೂ ಕೋಳಿಯ ಹಿಕ್ಕೆಯೂ: ಮೂತ್ರಪಿಂಡಗಳ ಕಾರ್ಯಭೇದ

ನಿಲ್ಕುಂದದ ಸುತ್ತಣ ಮಲೆನಾಡಿನಲ್ಲಿ ಸೊಪ್ಪಿನಬೆಟ್ಟದಿಂದ ಸೊಪ್ಪನ್ನೂ ದರಕನ್ನೂ ತಂದು ದನಗಳ ಕಾಲಡಿಗೆ ಹಾಸಿ, ಆ ಗೊಬ್ಬರವನ್ನು ಅಡಿಕೆ ತೋಟಕ್ಕೆ ಕೊಡುವ ವಾಡಿಕೆಯು ಬಹುಕಾಲದಿಂದ ಬಂದುದಾಗಿದೆ. ಕೋಳಿಯ ಗೊಬ್ಬರವೂ ತೋಟಕ್ಕೆ ಉಪಯುಕ್ತವಾದುದೇ. ಆದರೆ ಇವೆರಡನ್ನೂ ಕಾಪಾಡುವ ಕ್ರಮವು ಒಂದೇ ಅಲ್ಲ. ಇದರ ಕಾರಣವು ಆಯಾ ಪ್ರಾಣಿಗಳ ಮೂತ್ರಪಿಂಡಗಳ ಕಾರ್ಯದಲ್ಲಿದೆ.

ಆಹಾರದಲ್ಲಿಯ ಸಾರಜನಕವು ದೇಹಪೋಷಣೆಗೆ ಉಪಯೋಗವಾದ ಬಳಿಕ, ಮಿಕ್ಕುದನ್ನು ಮೂತ್ರಪಿಂಡಗಳು ರಕ್ತದಿಂದ ಬೇರ್ಪಡಿಸಿ ಹೊರಗೆ ಕಳುಹಿಸುತ್ತವೆ. ದನ, ಎಮ್ಮೆ ಮೊದಲಾದ ಸಸ್ತನಿಗಳಲ್ಲಿ ಇದು ಬಹುಮಟ್ಟಿಗೆ ಯೂರಿಯಾ ರೂಪದಲ್ಲಿರುತ್ತದೆ. ಯೂರಿಯಾವು ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಮೂತ್ರಕೋಶದಲ್ಲಿ ಶೇಖರವಾಗಿ, ಸಗಣಿಯಿಂದ ಪ್ರತ್ಯೇಕವಾಗಿ ಗಂಜಲವಾಗಿ ಹೊರಬೀಳುತ್ತದೆ.

ಪಕ್ಷಿಗಳಲ್ಲಾದರೋ ಅದರ ಹೆಚ್ಚಿನ ಭಾಗವು ಯೂರಿಕ್ ಆಮ್ಲವಾಗುತ್ತದೆ. ಇದು ನೀರಿನಲ್ಲಿ ಬಹು ಸ್ವಲ್ಪವೇ ಕರಗತಕ್ಕುದು. ಕೋಳಿಗೆ ಮೂತ್ರಕೋಶವಿಲ್ಲ. ಅದರ ಮೂತ್ರವು ಕರುಳಿನ ಕೊನೆಯ ಭಾಗವನ್ನು ಸೇರಿ, ಅಲ್ಲಿ ನೀರಿನಂಶವು ಪುನಃ ದೇಹಕ್ಕೆ ಹೀರಲ್ಪಡುತ್ತದೆ. ಹಿಕ್ಕೆಯ ಮೇಲೆ ಕಾಣುವ ಬಿಳಿಯ ಲೇಪವೇ ಕೋಳಿಯ ಮೂತ್ರವು. ಕುಡಿಯುವ ನೀರು ಸಾಲದಿದ್ದರೆ ಯೂರಿಕ್ ಆಮ್ಲವು ಮೂತ್ರಪಿಂಡಗಳಲ್ಲಿಯೂ ಒಳಾಂಗಗಳ ಮೇಲೆಯೂ ಸುಣ್ಣದಂತೆ ಕೂಡಿ ಕೋಳಿಗಳು ಸಾಯುವುದುಂಟು. ಆದುದರಿಂದ ಅವುಗಳಿಗೆ ಶುದ್ಧವಾದ ನೀರು ಸದಾ ಇರತಕ್ಕದ್ದು.

ಪುಷ್ಟಿಯಾದ ಮೇವು ತಿನ್ನುವ ದನವು ವಿಸರ್ಜಿಸುವ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಗಂಜಲದಲ್ಲಿಯೇ ಇರುತ್ತದೆ. ಸಗಣಿಯನ್ನು ಮಾತ್ರ ಕೂಡಿಹಾಕಿ ಗಂಜಲವನ್ನು ಹರಿಯಬಿಡುವವನು ಗೊಬ್ಬರದ ಉತ್ತಮಾಂಶವನ್ನೇ ಕಳೆದುಕೊಳ್ಳುವನು. ಸಗಣಿಯೊಡನೆ ಬೆರೆತ ಯೂರಿಯಾವು ಒಂದೆರಡು ದಿನಗಳಲ್ಲಿಯೇ ಒಡೆದು ಅಮೋನಿಯಾ ಅನಿಲವಾಗಿ ಹಾರತೊಡಗುತ್ತದೆ. ಕೊಟ್ಟಿಗೆಯ ಘಾಟು ಈ ನಷ್ಟದ ಗುರುತಾಗಿದೆ. ಕೊಟ್ಟಿಗೆಯ ನೆಲವನ್ನು ಗಟ್ಟಿಮಾಡಿ, ದರಕನ್ನು ದಪ್ಪವಾಗಿ ಹಾಸಿ, ಗೊಬ್ಬರಗುಂಡಿಗೆ ಮಾಡು ಕಟ್ಟುವುದೇ ಇದಕ್ಕೆ ಉಪಾಯವು.

ಹಿಕ್ಕೆಯು ಒಣಗಿರುವ ತನಕ ಅದರ ಸಾರವು ನಿಲ್ಲುತ್ತದೆ. ಮಳೆಯೇ ಅಪರೂಪವಾದ ಪೆರು ದೇಶದ ಕರಾವಳಿಯ ದ್ವೀಪಗಳಲ್ಲಿ ಕಡಲಹಕ್ಕಿಗಳ ಹಿಕ್ಕೆಯು ಗುಡ್ಡದಂತೆ ಬೆಳೆದು, 19ನೆಯ ಶತಮಾನದಲ್ಲಿ ಗ್ವಾನೊ ಎಂಬ ಹೆಸರಿನಿಂದ ಯುರೋಪಿನ ಹೊಲಗಳಿಗೆ ಹಡಗುಗಳಲ್ಲಿ ಹೋಯಿತು. ಮಲೆನಾಡಿನ ಮಳೆಯಲ್ಲಿ ಬಯಲಿಗಿಟ್ಟ ಹಿಕ್ಕೆಯ ಸಾರವಾದರೋ ಉಳಿಯಲಾರದು. ಹಸಿಯ ಹಿಕ್ಕೆಯನ್ನು ಗಿಡಗಳ ಬುಡಕ್ಕೆ ಹಾಕಿದರೆ ಬೇರುಗಳು ಸುಡುವ ಸಂಭವವುಂಟು. ಆದುದರಿಂದ ಅದನ್ನು ಮಾಡಿನ ಕೆಳಗೆ ದರಕಿನೊಡನೆ ಬೆರೆಸಿ, ಚೆನ್ನಾಗಿ ಕಳಿತ ಮೇಲೆಯೇ ಉಪಯೋಗಿಸತಕ್ಕದ್ದು.

ಗ್ರಾಮದ ಪ್ರಮುಖರೂ ಜಮೀನುದಾರರೂ ಮೊದಲು ತಮ್ಮ ಕೊಟ್ಟಿಗೆಗಳಲ್ಲಿ ಈ ಏರ್ಪಾಡನ್ನು ಮಾಡಿ ತೋರಿಸಿದರೆ, ಉಳಿದ ಒಕ್ಕಲುಗಳೂ ಅದನ್ನು ಅನುಸರಿಸುವರು.