ಅರವತ್ತರಲ್ಲಿ ಒಂದು

ಅರವತ್ತು ಎಸ್‌ಎಸ್‌ಡಿಗಳ ಒಂದು ಸ್ಟೋರೇಜ್ ಕ್ಲಸ್ಟರ್ ಇದೆ ಎಂದಿಟ್ಟುಕೊಳ್ಳಿ. ಹತ್ತು ಸರ್ವರ್, ಒಂದೊಂದರಲ್ಲೂ ಆರು ಡ್ರೈವ್. ಐವತ್ತೊಂಬತ್ತು ಡ್ರೈವ್‌ಗಳು ಒಂದು ಬರಹವನ್ನು 1 ಮಿಲಿಸೆಕೆಂಡಿನಲ್ಲಿ ಮುಗಿಸುತ್ತವೆ. ಉಳಿದ ಒಂದಕ್ಕೆ ಏನೋ ಆಗಿದೆ, ಅದು 100 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿದೆ. ಇಡೀ ಕ್ಲಸ್ಟರಿನ ವೇಗ ಎಷ್ಟು ಕುಸಿದೀತು? ಅರವತ್ತರಲ್ಲಿ ಒಂದು ತಾನೆ, ಶೇಕಡ ಎರಡರಷ್ಟಿರಬಹುದು ಎಂದು ಮನಸ್ಸು ತಟ್ಟನೆ ಹೇಳುತ್ತದೆ. ಲೆಕ್ಕ ಹಾಕಿದರೆ, ಕ್ಲಸ್ಟರಿನಲ್ಲಿ ಉಳಿಯುವುದು ಆರನೇ ಒಂದು ಭಾಗದ ವೇಗ. ಅದೂ ಕೆಲಸ ಕಡಿಮೆ ಇದ್ದಾಗ.

ಇದಕ್ಕೆ ಕಾರಣ ಕ್ಲಸ್ಟರ್ ನಮ್ಮ ದತ್ತಾಂಶವನ್ನು ಚದುರಿಸುವ ರೀತಿ. ಸೆಫ್ ಎಂಬ ಮುಕ್ತ ತಂತ್ರಾಂಶವನ್ನೇ ನೋಡೋಣ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಶಾಖೆಯಲ್ಲಿ ಸೇಜ್ ವೈಲ್ ಅವರ ಪಿಎಚ್‌ಡಿ ಕೆಲಸವಾಗಿ ಬೆಳೆದದ್ದು ಇದು. 2006ರಲ್ಲಿ ಇದರ ಮೂಲ ಪ್ರಬಂಧ ಬಂತು. ನೀವು 100 ಗಿಗಾಬೈಟ್‌ನ ಒಂದು ವರ್ಚುವಲ್ ಡಿಸ್ಕ್ ಕೇಳಿದರೆ ಸೆಫ್ ಅದನ್ನು 4 ಮೆಗಾಬೈಟ್‌ನ 25,600 ತುಂಡುಗಳಾಗಿ ನೋಡುತ್ತದೆ, ಪ್ರತಿ ತುಂಡನ್ನೂ ಮೂರು ಬೇರೆ ಬೇರೆ ಸರ್ವರ್‌ಗಳಲ್ಲಿ ಇಡುತ್ತದೆ. ಅರವತ್ತರಲ್ಲಿ ಮೂರು ಎಂದರೆ ಶೇಕಡ 5. ಹಾಗಾಗಿ ನಮ್ಮ ಸೋಮಾರಿ ಡ್ರೈವಿನ ಪಾಲಿಗೆ ಈ ಒಂದೇ ವರ್ಚುವಲ್ ಡಿಸ್ಕಿನ 1,280 ತುಂಡುಗಳು ಬರುತ್ತವೆ. ಮೂರೂ ನಕಲು ಭದ್ರವಾಗಿ ಕೂತ ಮೇಲೆಯೇ ಸೆಫ್ ‘ಬರೆದಾಯಿತು’ ಎನ್ನುವುದು. ಮೂವರಲ್ಲಿ ತಡವಾಗಿ ಬಂದವನು ಹೇಳಿದ್ದೇ ವೇಳೆ.

ಈಗ ಒಂದರ ಹಿಂದೆ ಒಂದು ಸಾವಿರ ಬರಹ ಕಳಿಸಿ. ಎಲ್ಲ ಡ್ರೈವ್ ಚೆನ್ನಾಗಿದ್ದರೆ 1 ಸೆಕೆಂಡ್. ಈ ಕ್ಲಸ್ಟರಿನಲ್ಲಿ 950 ಬರಹಗಳಿಗೆ 0.95 ಸೆಕೆಂಡ್, ಮಿಕ್ಕ ಐವತ್ತಕ್ಕೆ 5 ಸೆಕೆಂಡ್. ಒಟ್ಟು 5.95.

ಜನ ಹೆಚ್ಚಾದರೆ ಕಥೆ ಇನ್ನೂ ಕೆಡುತ್ತದೆ. ಡ್ರೈವ್ ಒಂದು ಸಲಕ್ಕೆ ಒಂದೇ ಬರಹ ಮಾಡುತ್ತದೆ ಎಂದುಕೊಂಡರೆ, ಒಳ್ಳೆಯ ಡ್ರೈವ್ ಸೆಕೆಂಡಿಗೆ 1,000 ಬರೆಯುತ್ತದೆ. ಅರವತ್ತೂ ಸೇರಿ 60,000, ಮೂರು ನಕಲಿಗೆ ಭಾಗಿಸಿದರೆ ಸೆಕೆಂಡಿಗೆ 20,000 ಬರಹ. ಸೋಮಾರಿ ಡ್ರೈವ್ ಬರೆಯುವುದು ಸೆಕೆಂಡಿಗೆ ಹತ್ತೇ ಹತ್ತು. ಇಪ್ಪತ್ತು ಬರಹಗಳಲ್ಲಿ ಒಂದು ಅದರ ಬಾಗಿಲಿಗೆ ಹೋಗಲೇಬೇಕಾದ್ದರಿಂದ ಇಡೀ ಕ್ಲಸ್ಟರ್ ಸೆಕೆಂಡಿಗೆ 200 ದಾಟುವಂತಿಲ್ಲ. ಇಪ್ಪತ್ತು ಸಾವಿರ ಹೋಗಿ ಇನ್ನೂರು! ಐವತ್ತೊಂಬತ್ತು ಡ್ರೈವ್‌ಗಳು ಕೈಕಟ್ಟಿ ಕೂತಿರುತ್ತವೆ, ಊರಿನ ಕ್ಯೂ ಎಲ್ಲ ಒಂದೇ ಕಿಟಕಿಯ ಮುಂದೆ.

ತಪ್ಪಿಸಿಕೊಳ್ಳುವ ಅದೃಷ್ಟವಂತರು ಯಾರಾದರೂ ಇದ್ದಾರೆಯೇ? ಎಲ್ಲೆಲ್ಲೋ ಚದುರಿದ ನೂರು ಬರಹ ಮಾಡುವ ಒಂದು ಪ್ರೋಗ್ರಾಂ ಆ ಡ್ರೈವನ್ನು ಒಮ್ಮೆಯೂ ಮುಟ್ಟದೆ ಪಾರಾಗುವ ಸಂಭವ ಶೇಕಡ 0.6. ಆದ್ದರಿಂದ ದೂರು ಎಲ್ಲರಿಂದಲೂ ಬರುತ್ತದೆ, ಎಲ್ಲ ಕಡೆಯಿಂದಲೂ ಬರುತ್ತದೆ. ದೂರು ಎಲ್ಲ ಕಡೆಯಿಂದ ಬಂದರೆ ನೆಟ್‌ವರ್ಕನ್ನು ಬೈಯುವುದು ಈ ಉದ್ಯೋಗದ ಹಳೆಯ ಪದ್ಧತಿ. ಮಾನಿಟರ್ ಮೇಲಿನ ಗ್ರಾಫ್ ಬೇರೆ ಸುಳ್ಳಿಗೆ ಸಾಕ್ಷಿ ಹೇಳುತ್ತದೆ: ಅರವತ್ತು ಡ್ರೈವ್‌ಗಳ ಸರಾಸರಿ ತೆಗೆದರೆ 2.65 ಮಿಲಿಸೆಕೆಂಡ್. ನೋಡಿದವರಿಗೆ ಏನೂ ಅನ್ನಿಸುವುದಿಲ್ಲ.

ಮಿಲಿಸೆಕೆಂಡ್, ಮೈಕ್ರೋಸೆಕೆಂಡ್ ಎಂದರೆ ನಮ್ಮ ಅನುಭವಕ್ಕೆ ಎರಡೂ ಒಂದೇ, ಎರಡೂ ಕ್ಷಣ. ಯಂತ್ರದ ಕಡೆಯಿಂದ ನೋಡಿದರೆ ಹಾಗಲ್ಲ. 3 ಗಿಗಾಹರ್ಟ್ಸ್ ಪ್ರೊಸೆಸರಿನ ಒಂದು ಬಡಿತವನ್ನು ನಮ್ಮ ಒಂದು ಸೆಕೆಂಡ್ ಎಂದು ಹಿಗ್ಗಿಸಿ. ಆಗ ರ‍್ಯಾಮ್‌ನಿಂದ ಒಂದು ಅಂಕಿ ತರಲು ಹಿಡಿಯುವ ಸುಮಾರು 100 ನ್ಯಾನೋಸೆಕೆಂಡ್ 5 ನಿಮಿಷವಾಗುತ್ತದೆ. ಒಳ್ಳೆಯ ಸರ್ವರ್ ಎಸ್‌ಎಸ್‌ಡಿಯ ಒಂದು ಬರಹ, 25 ಮೈಕ್ರೋಸೆಕೆಂಡ್ ಎಂದರೆ, 21 ಗಂಟೆ. 1 ಮಿಲಿಸೆಕೆಂಡ್ 35 ದಿನ. ನಮ್ಮ ಸೋಮಾರಿಯ 100 ಮಿಲಿಸೆಕೆಂಡ್ ಒಂಬತ್ತೂವರೆ ವರ್ಷ.

ಡ್ರೈವ್ ಯಾಕೆ ಹೀಗಾಗುತ್ತದೆ? ಬಹಳ ಸಲ ಅದು ಕೆಟ್ಟಿರುವುದೇ ಇಲ್ಲ, ಕೊಂಡವರು ತಪ್ಪು ಡ್ರೈವ್ ಕೊಂಡಿರುತ್ತಾರೆ. ಮನೆಯ ಕಂಪ್ಯೂಟರಿಗೆಂದು ಮಾರುವ ಎಸ್‌ಎಸ್‌ಡಿಯ ಡಬ್ಬಿಯ ಮೇಲೆ ಸೆಕೆಂಡಿಗೆ 90,000 ಬರಹ ಎಂದು ಅಚ್ಚಾಗಿರುತ್ತದೆ. ಅದು ಸುಳ್ಳಲ್ಲ. ಬಂದ ಬರಹವನ್ನು ಡ್ರೈವ್ ತನ್ನೊಳಗಿನ ಮೆಮೊರಿಯಲ್ಲಿ ಇಟ್ಟುಕೊಂಡು ‘ಆಯಿತು’ ಎನ್ನುತ್ತದೆ, ಫ್ಲ್ಯಾಶ್‌ಗೆ ಇಳಿಸುವುದು ಆಮೇಲೆ. ಅಷ್ಟರಲ್ಲಿ ಕರೆಂಟ್ ಹೋದರೆ ಬರಹವೂ ಹೋಯಿತು. ಸೆಫ್‌ಗೆ ಈ ‘ಆಯಿತು’ ಮೇಲೆ ನಂಬಿಕೆ ಇಲ್ಲ. ನಿಜವಾಗಿ ಇಳಿಸು, ಇಳಿಸಿದ ಮೇಲೆ ಹೇಳು ಎಂದು ಪಟ್ಟು ಹಿಡಿಯುತ್ತದೆ. ಫಿಯೋ ಎಂಬ ಪರೀಕ್ಷಾ ತಂತ್ರಾಂಶದಲ್ಲಿ ಇದೇ ಷರತ್ತು ಹಾಕಿ, 4 ಕಿಲೋಬೈಟ್‌ನ ಬರಹಗಳನ್ನು ಒಂದು ಮುಗಿದ ಮೇಲೆ ಇನ್ನೊಂದರಂತೆ ಕಳಿಸಿದರೆ, 90,000 ಎಂದ ಡ್ರೈವ್ 300-400ಕ್ಕೆ ಬಂದು ನಿಲ್ಲುವುದುಂಟು. ಸೆಕೆಂಡಿಗೆ ಸುಮಾರು 1.4 ಮೆಗಾಬೈಟ್, ಅಂದರೆ ಹಳೆಯ ಕಾಲದ ಒಂದು ಫ್ಲಾಪಿ ತುಂಬುವಷ್ಟು.

ಸರ್ವರ್‌ಗೆಂದೇ ಮಾಡಿದ ಡ್ರೈವ್ ಇದೇ ಪರೀಕ್ಷೆಯಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ ದಾಟುತ್ತದೆ. ಅದರ ಫ್ಲ್ಯಾಶ್ ಚಿಪ್ ಬೇರೆ ಲೋಕದ್ದೇನಲ್ಲ. ವ್ಯತ್ಯಾಸ ಇರುವುದು ಬೋರ್ಡಿನ ಮೇಲಿನ ಕೆಲವು ಕೆಪಾಸಿಟರ್‌ಗಳಲ್ಲಿ. ಕರೆಂಟ್ ಹೋದರೂ ಅವು ಹತ್ತಾರು ಮಿಲಿಸೆಕೆಂಡ್ ಡ್ರೈವನ್ನು ಜೀವಂತ ಇಡುತ್ತವೆ; ಮೆಮೊರಿಯಲ್ಲಿದ್ದದ್ದನ್ನೆಲ್ಲ ಫ್ಲ್ಯಾಶ್‌ಗೆ ಸುರಿಯಲು ಅಷ್ಟು ಸಾಕು. 30 ಮಿಲಿಸೆಕೆಂಡ್ ಎಂದರೂ ಪ್ರೊಸೆಸರಿನ ಪಂಚಾಂಗದಲ್ಲಿ ಎರಡೂಮುಕ್ಕಾಲು ವರ್ಷಕ್ಕೂ ಹೆಚ್ಚು. ಆ ಧೈರ್ಯವಿರುವುದರಿಂದ ಈ ಡ್ರೈವ್ ‘ಆಯಿತು’ ಎಂದು ಕೂಡಲೇ ಹೇಳಬಹುದು, ಹೇಳಿದ್ದನ್ನು ನಡೆಸಿಕೊಡಬಹುದು. ನೂರು ಪಟ್ಟು ವೇಗ ಬಂದದ್ದು ಚಿಪ್ಪಿನಿಂದಲ್ಲ, ಬೇಳೆಕಾಳಿನ ಗಾತ್ರದ ಬಿಡಿಭಾಗಗಳಿಂದ.

ಇತರ ಕಾರಣಗಳೂ ಇವೆ. ಅಗ್ಗದ ಡ್ರೈವ್‌ಗಳು ಮೊದಲು ಒಂದು ಚಿಕ್ಕ ವೇಗದ ಜಾಗಕ್ಕೆ ಬರೆದುಕೊಳ್ಳುತ್ತವೆ. ಕೋಶಕ್ಕೆ ನಾಲ್ಕು ಬಿಟ್ ಇಡುವ 1 ಟೆರಾಬೈಟ್‌ನ ಒಂದು ಹೆಸರಾಂತ ಡ್ರೈವಿನಲ್ಲಿ ಆ ಜಾಗ 42 ಗಿಗಾಬೈಟ್. ಅದು ತುಂಬಿದ ಮೇಲೆ ಸೆಕೆಂಡಿಗೆ 80 ಮೆಗಾಬೈಟ್, ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ನಗುವಷ್ಟು. ಇನ್ನು ಫ್ಲ್ಯಾಶ್‌ನಲ್ಲಿ ಅಳಿಸದೆ ಮತ್ತೆ ಬರೆಯುವ ಹಾಗಿಲ್ಲ, ಅಳಿಸುವುದಾದರೆ ಹಲವು ಮೆಗಾಬೈಟ್ ಒಟ್ಟಿಗೇ ಅಳಿಸಬೇಕು, ಅದಕ್ಕೆ ಕೆಲವು ಮಿಲಿಸೆಕೆಂಡ್. ಡ್ರೈವ್ ತುಂಬುತ್ತ ಬಂದಂತೆ ಈ ಗುಡಿಸುವ ಕೆಲಸ ಹೆಚ್ಚುತ್ತದೆ. ಕೆಲವೊಮ್ಮೆ ತಪ್ಪು ಡ್ರೈವಿನದೇ ಅಲ್ಲ. ವಿದ್ಯುತ್ ಉಳಿಸಲು ಗಾಢ ನಿದ್ರೆಗೆ ಹೋದ ಸರ್ವರ್ ಪ್ರೊಸೆಸರ್ ಎದ್ದು ಕೂರಲು 100 ಮೈಕ್ರೋಸೆಕೆಂಡಿಗೂ ಹೆಚ್ಚು ಹಿಡಿಯಬಹುದು. 25 ಮೈಕ್ರೋಸೆಕೆಂಡಿನ ಡ್ರೈವಿಗೆ ದುಡ್ಡು ಸುರಿದು, ಅದರ ನಾಲ್ಕು ಪಟ್ಟು ಹೊತ್ತನ್ನು ಆಕಳಿಕೆಗೆ ಕಳೆಯುವವರು ಕಡಿಮೆಯಿಲ್ಲ.

ಸತ್ತ ಡ್ರೈವ್ ಇದಕ್ಕಿಂತ ಎಷ್ಟೋ ಮೇಲು. ಸೆಫ್‌ನ ಡ್ರೈವ್‌ಗಳು ಸುಮಾರು 6 ಸೆಕೆಂಡಿಗೊಮ್ಮೆ ಒಂದರ ನಾಡಿ ಒಂದು ನೋಡುತ್ತವೆ. 20 ಸೆಕೆಂಡ್ ಉತ್ತರ ಬಾರದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗುತ್ತವೆ. ನಿಧಾನದ ಡ್ರೈವ್ ಪಾಪ ಪ್ರತಿ ಸಲವೂ ‘ಇದ್ದೇನೆ’ ಎನ್ನುತ್ತದೆ. ಒಂದು ಬರಹ ಅತಿಯಾಗಿ ತಡವಾಗಿದೆ ಎಂದು ಸೆಫ್ ಬಾಯಿಬಿಟ್ಟು ದೂರುವುದು, ಯಾರೂ ಬದಲಿಸದಿದ್ದರೆ, 30 ಸೆಕೆಂಡ್ ಕಳೆದ ಮೇಲೆ. ಬಡಿತಕ್ಕೊಂದು ಸೆಕೆಂಡಿನ ನಮ್ಮ ಲೆಕ್ಕದಲ್ಲಿ ಅದು 2,850 ವರ್ಷ. ಬುದ್ಧ ಹುಟ್ಟುವ ಮೊದಲು ಕಳಿಸಿದ ಪತ್ರಕ್ಕೆ ಉತ್ತರ ಬಂದಿಲ್ಲವಲ್ಲ ಎಂದು ಈಗ ನೆನಪಾದ ಹಾಗೆ. 100 ಮಿಲಿಸೆಕೆಂಡಿನ ನಮ್ಮ ಸೋಮಾರಿ ಆ ಗೆರೆಯ ಹತ್ತಿರಕ್ಕೂ ಹೋಗುವುದಿಲ್ಲ.

ಇದು ಅಪರೂಪದ ಕಾಯಿಲೆಯೂ ಅಲ್ಲ. 2016ರಲ್ಲಿ ಫಾಸ್ಟ್ ಎಂಬ ಸ್ಟೋರೇಜ್ ಸಮ್ಮೇಳನದಲ್ಲಿ ಬಂದ ಒಂದು ಅಧ್ಯಯನ 4,50,000ಕ್ಕೂ ಹೆಚ್ಚು ಹಾರ್ಡ್ ಡಿಸ್ಕ್ ಮತ್ತು 4,000 ಎಸ್‌ಎಸ್‌ಡಿಗಳನ್ನು 87 ದಿನ ಗಮನಿಸಿತ್ತು. ತನ್ನ ಗುಂಪಿನ ಜೊತೆಗಾರರಿಗಿಂತ ಎರಡು ಪಟ್ಟಿಗೂ ಹೆಚ್ಚು ನಿಧಾನವಾಗಿ ಎಸ್‌ಎಸ್‌ಡಿ ನಡೆದದ್ದು ಶೇಕಡ 0.6ರಷ್ಟು ಸಮಯ, ಹಾರ್ಡ್ ಡಿಸ್ಕಿನ ಮೂರು ಪಟ್ಟು. ಚಿಕ್ಕ ಅಂಕಿ ಅನ್ನಿಸಬಹುದು. ಅರವತ್ತು ಡ್ರೈವ್‌ಗಳೂ ಸ್ವತಂತ್ರವಾಗಿ ಹೀಗೆ ಮಾಡಿದರೆ, ಸುಮಾರು ಶೇಕಡ 30ರಷ್ಟು ಸಮಯದಲ್ಲಿ ಯಾವುದೋ ಒಂದು ತೂಕಡಿಸುತ್ತಿರುತ್ತದೆ. ಮುಂದೆ 2018ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಹರ್ಯಾದಿ ಗುನಾವಿ ಮತ್ತು ಸಂಗಡಿಗರು ಹನ್ನೆರಡು ಸಂಸ್ಥೆಗಳಿಂದ ಇಂಥ 101 ಪ್ರಕರಣ ಕಲೆಹಾಕಿದರು. ಕಾರಣ ಪತ್ತೆಗೆ ಕೆಲವದರಲ್ಲಿ ತಿಂಗಳುಗಳೇ ಹಿಡಿದಿದ್ದವು.

ಪತ್ತೆ ಮಾಡುವ ಕೆಲಸ ಮಾತ್ರ, ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ, ಒಂದು ಲೋಟ ಕಾಫಿಯ ಹೊತ್ತಿನದು. ಸರಾಸರಿಯನ್ನು ಬದಿಗಿಟ್ಟು, ಡ್ರೈವ್‌ಗಳ ವಿಳಂಬವನ್ನು ಒಂದೊಂದಾಗಿ ಕೇಳಿ ಸಾಲಾಗಿ ಜೋಡಿಸಿದರೆ 1, 1, 1, 100 ಎಂದು ಕಣ್ಣಿಗೆ ಹೊಡೆಯುತ್ತದೆ. ಹುಷಾರಾಗಿರಬೇಕಾದ್ದು ಅರವತ್ತೂ ಒಂದೇ ಸಮ ನಿಧಾನವಾಗಿದ್ದಾಗ. ಆಗ ಕೆಪಾಸಿಟರ್ ಇಲ್ಲದ ಡ್ರೈವ್ ಬಂತೇ, ಪ್ರೊಸೆಸರ್ ನಿದ್ದೆ ಹೋಯಿತೇ ಎಂದು ನೋಡಬೇಕಾಗುತ್ತದೆ. ಒಂದೇ ಆದರೆ ಹೊರಗೆ ಹಾಕಿದರೆ ಮುಗಿಯಿತು.

ಹೊರಗೆ ಹಾಕುವಾಗ ಇನ್ನೊಂದು ಲೆಕ್ಕ ಎದುರಾಗುತ್ತದೆ. ಆ ಡ್ರೈವಿನಲ್ಲಿ 2.8 ಟೆರಾಬೈಟ್ ತುಂಬಿದೆ ಎನ್ನೋಣ. ಸೆಕೆಂಡಿಗೆ 50 ಮೆಗಾಬೈಟ್‌ನಂತೆ ಒಂದು ಹೊಸ ಡ್ರೈವಿಗೆ ನಕಲು ಮಾಡಿದರೆ ಹದಿನೈದೂವರೆ ಗಂಟೆ. ಸೆಫ್ ಹಾಗೆ ಮಾಡುವುದಿಲ್ಲ. ಉಳಿದ ಐವತ್ತೊಂಬತ್ತು ಡ್ರೈವ್‌ಗಳು ತಲಾ ಸುಮಾರು 47 ಗಿಗಾಬೈಟ್ ಹಂಚಿಕೊಳ್ಳುತ್ತವೆ. ಎಲ್ಲವೂ ಅದೇ 50ರ ವೇಗದಲ್ಲಿ ಬರೆದುಕೊಂಡರೆ 16 ನಿಮಿಷ. ಬಳಕೆದಾರರಿಗೆ ಅಡ್ಡಿಯಾಗದಿರಲೆಂದು ನಿಜದಲ್ಲಿ ಇದನ್ನು ಇನ್ನೂ ಹಿಡಿದು ಹಿಡಿದು ನಡೆಸುತ್ತಾರೆ, ಒಂದೆರಡು ಗಂಟೆಯೂ ಆಗಬಹುದು. ಹೊಸ ಡ್ರೈವಿನ ಪಾರ್ಸೆಲ್ ಬರುವ ಎಷ್ಟೋ ಮೊದಲೇ ಮೂರನೆಯ ನಕಲುಗಳೆಲ್ಲ ಮತ್ತೆ ತಯಾರಾಗಿರುತ್ತವೆ.