ಡೀಸೆಲ್ ಸೋಸಲು ಎಂಥ ಪಂಪು?

ಬೇಸಿಗೆ ಬಂತೆಂದರೆ ಮಲಪ್ರಭೆಯ ದಂಡೆಯಲ್ಲಿ ಡೀಸೆಲ್ ಎಂಜಿನ್‌ಗಳ ಸದ್ದು ಕೇಳತೊಡಗುತ್ತದೆ. ಕರೆಂಟು ಕೈಕೊಟ್ಟ ಹೊತ್ತಿನಲ್ಲಿ ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ರೈತನಿಗೆ ಪೈರು ಉಳಿಸಿಕೊಳ್ಳಲು ಈ ಎಂಜಿನ್ನೇ ಆಸರೆ. ಕಿತ್ತೂರಿನ ಹೆದ್ದಾರಿಯಲ್ಲಿ ಸಾಗುವ ಲಾರಿಗೂ, ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರಿಗೂ ಕುಡಿಸುವುದು ಇದೇ ಎಣ್ಣೆಯನ್ನು. ಚೆನ್ನಾಗಿ ನಡೆಯುತ್ತಿದ್ದ ಎಂಜಿನ್ ಒಮ್ಮೆಲೇ ಕೆಮ್ಮಿ ನಿಂತುಬಿಟ್ಟಾಗ ಮೇಸ್ತ್ರಿ ಬಂದು ಮೊದಲು ಬಿಚ್ಚುವುದು ಫಿಲ್ಟರಿನ ಬಟ್ಟಲು. ಅನೇಕ ಸಲ ಅದರ ತಳದಲ್ಲಿ ಸಿಗುವುದು ಎರಡು ಚಮಚ ನೀರು ಮತ್ತು ಒಂದಿಷ್ಟು ಕಂದು ರಾಡಿ.

ಹೊಲದಲ್ಲಾದರೆ ಒಂದು ದಿನದ ಕೆಲಸ ಕೆಡುತ್ತದೆ. ಇದೇ ಎಂಜಿನ್ ಕಾರವಾರ ಅಥವಾ ಮಲ್ಪೆಯಿಂದ ಹೊರಟ ಮೀನುಗಾರಿಕೆ ಬೋಟಿನಲ್ಲಿದ್ದರೆ? ನಡುಗಡಲಿನಲ್ಲಿ ಎಂಜಿನ್ ನಿಂತ ಬೋಟು ಅಲೆಯ ಕೈಗೊಂಬೆ. ಆದ್ದರಿಂದಲೇ ದೂರ ಸಾಗುವ ಬೋಟುಗಳಲ್ಲಿ ಟ್ಯಾಂಕಿನ ಡೀಸೆಲನ್ನು ಒಂದು ಪಂಪಿನಿಂದ ಎಳೆದು, ಫಿಲ್ಟರಿನಲ್ಲಿ ಹಾಯಿಸಿ, ಮತ್ತೆ ಅದೇ ಟ್ಯಾಂಕಿಗೆ ಬಿಡುವ ಪ್ರತ್ಯೇಕ ಏರ್ಪಾಡನ್ನು ಕೆಲವರು ಮಾಡಿಕೊಳ್ಳುತ್ತಾರೆ. ರೈತನ ಬ್ಯಾರಲ್ಲಿಗೂ ಅದೇ ಏರ್ಪಾಡು ಸಾಕು. ಆದರೆ ಅದಕ್ಕೆ ಎಂಥ ಪಂಪು ಬೇಕು? ದೊಡ್ಡ ಪಂಪು ತಂದರೆ ಕೆಲಸ ಬೇಗ ಮುಗಿಯುತ್ತದೆ ಎಂದು ಯಾರಿಗಾದರೂ ಅನಿಸುವುದು ಸಹಜ. ಪ್ರೌಢಶಾಲೆಯ ಭೌತವಿಜ್ಞಾನ ಬೇರೆಯದೇ ಉತ್ತರ ಕೊಡುತ್ತದೆ.

ನೀರು ಬರುವುದೆಲ್ಲಿಂದ?

ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ಉಳಿದರ್ಧ ಗಾಳಿ ಇರುತ್ತದೆ. ಹಗಲಿನಲ್ಲಿ ಕಾದ ಗಾಳಿ ರಾತ್ರಿ ತಣ್ಣಗಾದಾಗ ಅದರೊಳಗಿನ ತೇವ ಟ್ಯಾಂಕಿನ ಗೋಡೆಗೆ ಹನಿಗಟ್ಟಿ ಇಳಿಯುತ್ತದೆ. ತಣ್ಣೀರಿನ ಲೋಟದ ಹೊರಮೈ ಬೆವರುವುದೂ ಇದೇ ಕಾರಣಕ್ಕೆ. ಮಳೆಗಾಲದಲ್ಲಿ ಬ್ಯಾರಲ್ಲಿನ ಮುಚ್ಚಳದ ಸುತ್ತ ನಿಂತ ನೀರು ಸಡಿಲ ವಾಷರಿನ ಮೂಲಕ ಒಳಗಿಳಿಯುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಸೀಮೆಗೆ ನುಗ್ಗಿದಂಥ ನೆರೆ ಬಂದರಂತೂ ದಂಡೆಯ ಮೇಲಿನ ಟ್ಯಾಂಕು, ಬ್ಯಾರಲ್ಲುಗಳ ಗತಿ ಹೇಳುವುದೇ ಬೇಡ. ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಸುರಿಯುವ ಮಳೆಯಲ್ಲಿ ಎರಡು ತಿಂಗಳು ಸುಮ್ಮನೆ ನಿಂತ ಟ್ಯಾಂಕು ತೇವ ಹೀರದೆ ಇದ್ದೀತೆ?

ನೀರು ತುಕ್ಕು ತರುತ್ತದೆ. ಅಷ್ಟೇ ಅಲ್ಲ, ನೀರೂ ಡೀಸೆಲೂ ಕೂಡುವ ಗೆರೆಯಲ್ಲಿ ಬ್ಯಾಕ್ಟೀರಿಯ, ಶಿಲೀಂಧ್ರಗಳು ಮನೆಮಾಡಿ ಕಪ್ಪು ಲೋಳೆಯನ್ನು ಬೆಳೆಸುತ್ತವೆ. ನಿಂತ ಬೋಟಿನಲ್ಲಿ ಇದೆಲ್ಲ ತಳದಲ್ಲಿ ಮಲಗಿರುತ್ತದೆ. ಬೋಟು ಅಲೆಗೆ ಓಲಾಡಿದೊಡನೆ ಎದ್ದು ಎಂಜಿನ್ನಿನ ದಾರಿ ಹಿಡಿಯುತ್ತದೆ. ಡೀಸೆಲನ್ನು ಸಿಡಿಸುವ ನೋಜಲ್ಲಿನ ಸೂಜಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ. ಧೋತರದ ಅರಿವೆಯಲ್ಲಿ ಸೋಸಿದರೆ ಕಸಕಡ್ಡಿ ನಿಲ್ಲಬಹುದು, ನುಣ್ಣನೆಯ ಧೂಳು ನಿಲ್ಲದು.

ಹನಿಯ ಲೆಕ್ಕ

ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಒಂದು ಲೀಟರ್ ಡೀಸೆಲಿನ ತೂಕ ಸುಮಾರು 830 ಗ್ರಾಂ. ಭಾರವಾದ ನೀರು ತಳಕ್ಕೆ ಇಳಿಯಲೇಬೇಕು. ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಹೇಳುವ ನಿಯಮವನ್ನು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿಜ್ಞಾನಿ 1851ರಲ್ಲಿ ಕೊಟ್ಟರು. ಅದರ ಪ್ರಕಾರ ಹನಿಯ ವೇಗ ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ ಹನಿಯ ವ್ಯಾಸ ಅರ್ಧವಾದರೆ ವೇಗ ಕಾಲುಭಾಗ. ವ್ಯಾಸ ಹತ್ತನೆಯ ಒಂದು ಪಾಲಾದರೆ ವೇಗ ನೂರನೆಯ ಒಂದು ಪಾಲು.

ಲೆಕ್ಕ ಹಾಕಿ ನೋಡೋಣ. 100 ಮೈಕ್ರಾನ್ ವ್ಯಾಸದ ನೀರಹನಿ ಡೀಸೆಲಿನಲ್ಲಿ ಸೆಕೆಂಡಿಗೆ ಸುಮಾರು 0.3 ಮಿಲಿಮೀಟರ್ ಇಳಿಯುತ್ತದೆ. 30 ಸೆಂಟಿಮೀಟರ್ ಇಳಿಯಲು ಅದಕ್ಕೆ ಹದಿನೇಳು ನಿಮಿಷದಷ್ಟು ಕಾಲ ಸಾಕು. ಅದೇ ಹನಿ ಒಡೆದು 10 ಮೈಕ್ರಾನಿನ ಹನಿಗಳಾದವೆನ್ನಿ. ಅಷ್ಟೇ ದೂರ ಇಳಿಯಲು ಒಂದು ದಿನಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ!

ಪಂಪು ಆರಿಸುವಾಗ ನೆನಪಿಡಬೇಕಾದ ಮುಖ್ಯ ಸಂಗತಿ ಇದೇ. ಮೊಸರು ಕಡೆದಂತೆ ಡೀಸೆಲನ್ನು ಕಡೆಯುವ ಪಂಪು ನೀರಹನಿಗಳನ್ನು ಚೂರುಚೂರು ಮಾಡುತ್ತದೆ. ಎಣ್ಣೆ ಮಂಜಿನಂತೆ ಬೆಳ್ಳಗಾಗುತ್ತದೆ. ಆಮೇಲೆ ಆ ನೀರನ್ನು ಬೇರ್ಪಡಿಸುವುದು ಫಿಲ್ಟರಿಗೂ ಕಷ್ಟ, ಕಾಲಕ್ಕೂ ಕಷ್ಟ.

ಪಂಪುಗಳ ಗುಣ

ಈ ಸೀಮೆಗೆ ಪಂಪು, ಎಂಜಿನ್ನುಗಳ ವಿಷಯ ಹೊಸದಲ್ಲ. 1910ರಲ್ಲಿ ಕಿರ್ಲೋಸ್ಕರವಾಡಿಯ ಕಾರ್ಖಾನೆ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಸವದತ್ತಿ ಬಳಿಯ ಗುರ್ಲಹೊಸೂರಿನಲ್ಲಿ. ರೈತರ ಮನೆಮಾತಾದ ಪಂಪು, ಎಂಜಿನ್ನುಗಳಿಗೆ ಆ ಮನೆತನದ ಹೆಸರಿದೆ.

ಬಾವಿಯಿಂದ ನೀರೆತ್ತುವ ಸೆಂಟ್ರಿಫ್ಯೂಗಲ್ ಪಂಪು ಎಲ್ಲರಿಗೂ ಪರಿಚಿತ. ಅದರ ಚಕ್ರ ನಿಮಿಷಕ್ಕೆ ಸುಮಾರು 2,900 ಸುತ್ತು ತಿರುಗಿ ದ್ರವವನ್ನು ಹೊರಕ್ಕೆ ಎರಚುತ್ತದೆ. ನೀರಾವರಿಗೆ ಅದು ಸರಿ. ಡೀಸೆಲ್ ಸೋಸಲು ಸರಿಯಲ್ಲ. ಒಂದನೆಯದು, ಹನಿಗಳನ್ನು ಒಡೆಯುತ್ತದೆ. ಎರಡನೆಯದು, ಕೊಳವೆಯಲ್ಲಿ ಗಾಳಿ ಸೇರಿದರೆ ಎಳೆಯುವುದನ್ನೇ ನಿಲ್ಲಿಸುತ್ತದೆ.

ಗೇರ್ ಪಂಪಿನಲ್ಲಿ ಎರಡು ಹಲ್ಲುಗಾಲಿಗಳು ಒಂದಕ್ಕೊಂದು ಕೂಡಿ ತಿರುಗುತ್ತವೆ. ಎಷ್ಟು ಸುತ್ತೋ ಅಷ್ಟೇ ಎಣ್ಣೆ, ಅಳತೆ ತಪ್ಪದು. ಗಾಳಿಯನ್ನೂ ಹೀರಿ ಹೊರಹಾಕಬಲ್ಲದು. ಆದರೆ ಹೊಲಸು ಡೀಸೆಲ್ ನೇರವಾಗಿ ಒಳಹೊಕ್ಕರೆ ಮರಳಿನ ಕಣ ಹಲ್ಲುಗಳನ್ನು ಸವೆಸುತ್ತದೆ. ಫಿಲ್ಟರಿನ ನಂತರ ಕೂಡಿಸಿ ನಿಧಾನವಾಗಿ ತಿರುಗಿಸಿದರೆ ಮಾತ್ರ ಅದು ಬಾಳಿಕೆ ಬರುತ್ತದೆ.

ಬ್ಯಾರಲ್ಲಿನಿಂದ ಟ್ರ್ಯಾಕ್ಟರಿಗೆ ಡೀಸೆಲ್ ತುಂಬಲು ಸಿಗುವ ಬ್ಯಾಟರಿ ಪಂಪುಗಳಲ್ಲಿ ಹಲವು ವೇನ್ ಜಾತಿಯವು. ಅವುಗಳಲ್ಲಿ ಕೆಲವು ನಿಮಿಷಕ್ಕೆ 40 ಲೀಟರ್ ಸಾಗಿಸುತ್ತವೆ. ತುಂಬಲು ಅನುಕೂಲ, ಸೋಸಲು ಅತಿಯಾದ ಅವಸರ.

ಇನ್ನೊಂದು ಡಯಾಫ್ರಂ ಪಂಪು. ಉಸಿರಾಡುವಾಗ ನಮ್ಮ ಎದೆಗೂಡಿನ ಕೆಳಗಿನ ವಪೆ ಮೇಲೆ ಕೆಳಗೆ ಆಡುವ ಹಾಗೆ ಇದರಲ್ಲಿ ಒಂದು ರಬ್ಬರ್ ಹಾಳೆ ಆಡುತ್ತದೆ. ಎರಡು ಕವಾಟಗಳು ಸರದಿಯಂತೆ ತೆರೆದು ಮುಚ್ಚುತ್ತವೆ. ಉಜ್ಜಾಟ ಕಡಿಮೆ, ಕಡೆತ ಕಡಿಮೆ, ಸ್ವಲ್ಪ ಹೊತ್ತು ಒಣಗಿ ಓಡಿದರೂ ಕೆಡುವುದಿಲ್ಲ. ಸಣ್ಣ ಬೋಟಿಗೂ ರೈತನ ಬ್ಯಾರಲ್ಲಿಗೂ ಇದು ಒಪ್ಪುವ ಪಂಪು. ಒಂದು ಎಚ್ಚರಿಕೆ ಬೇಕು: ಸಾದಾ ರಬ್ಬರ್ ಡೀಸೆಲಿನಲ್ಲಿ ಉಬ್ಬಿ ಮೆತ್ತಗಾಗುತ್ತದೆ. ನೈಟ್ರೈಲ್ ರಬ್ಬರಿನ ಹಾಳೆ ಇದೆಯೇ ಎಂದು ಅಂಗಡಿಯಲ್ಲಿ ಕೇಳಿ ಕೊಳ್ಳಬೇಕು. ನೀರಿನ ಪಂಪನ್ನು ಡೀಸೆಲಿಗೆ ಹಚ್ಚಬಾರದು.

ಫಿಲ್ಟರಿನ ಮುಂದೆಯೋ ಹಿಂದೆಯೋ?

ಪಂಪನ್ನು ಎಲ್ಲಿ ಕೂಡಿಸಬೇಕು ಎಂಬುದು ಎಂಥ ಪಂಪು ಎಂಬುದಷ್ಟೇ ಮುಖ್ಯ. ಟ್ಯಾಂಕು, ನೀರು ಬೇರ್ಪಡಿಸುವ ಬಟ್ಟಲುಳ್ಳ ಫಿಲ್ಟರ್, ಆಮೇಲೆ ಪಂಪು, ಕೊನೆಗೆ ಮತ್ತೆ ಟ್ಯಾಂಕು. ಇದು ಒಳ್ಳೆಯ ಕ್ರಮ. ಹೀಗಿದ್ದರೆ ನೀರಹನಿ ಒಡೆಯುವ ಮೊದಲೇ ಬಟ್ಟಲಿಗೆ ಬೀಳುತ್ತದೆ, ಪಂಪಿಗೆ ಸಿಗುವುದು ಸೋಸಿದ ಎಣ್ಣೆ. ಎಳೆಯುವ ಕೊಳವೆಯ ಬಾಯಿ ಟ್ಯಾಂಕಿನ ತಗ್ಗಿನ ತುದಿಯಲ್ಲಿರಬೇಕು. ನೀರು ಕೂಡುವುದು ಅಲ್ಲಿಯೇ. ಮರಳಿ ಬಿಡುವ ಕೊಳವೆ ಇನ್ನೊಂದು ತುದಿಯಲ್ಲಿರಬೇಕು.

ಇದರಲ್ಲಿ ಒಂದು ತೊಡಕೂ ಉಂಟು. ಫಿಲ್ಟರ್ ಕಟ್ಟಿಕೊಂಡಂತೆ ಪಂಪು ಹೆಚ್ಚು ಜಗ್ಗಬೇಕಾಗುತ್ತದೆ. ಸಡಿಲ ಜೋಡಣೆಗಳಿಂದ ಗಾಳಿ ನುಗ್ಗುತ್ತದೆ. ‘ಏರ್ ತಗೊಂಡೈತಿ’ ಎಂದು ಮೇಸ್ತ್ರಿಗಳು ಹೇಳುವುದು ಇಂಥದ್ದನ್ನೇ. ಫಿಲ್ಟರಿಗೂ ಪಂಪಿಗೂ ನಡುವೆ ಒಂದು ವ್ಯಾಕ್ಯೂಮ್ ಗೇಜ್ ಇಟ್ಟರೆ ಅದರ ಮುಳ್ಳೇ ಫಿಲ್ಟರ್ ಬದಲಿಸುವ ಕಾಲವನ್ನು ತೋರಿಸುತ್ತದೆ.

ಎಷ್ಟು ದೊಡ್ಡದು?

ಒಂದು ಬೋಟಿನಲ್ಲಿ 1,000 ಲೀಟರ್ ಡೀಸೆಲ್ ಇದೆ, ಪಂಪು ನಿಮಿಷಕ್ಕೆ 4 ಲೀಟರ್ ಸಾಗಿಸುತ್ತದೆ ಎಂದುಕೊಳ್ಳೋಣ. ಟ್ಯಾಂಕಿನಷ್ಟು ಡೀಸೆಲ್ ಒಂದು ಸಲ ಹಾಯಲು 250 ನಿಮಿಷ ಬೇಕು. ಆದರೆ ಸೋಸಿದ್ದು ಮತ್ತೆ ಅದೇ ಟ್ಯಾಂಕಿಗೆ ಬೆರೆಯುವುದರಿಂದ ಒಂದೇ ಸುತ್ತಿಗೆ ಎಲ್ಲ ಶುದ್ಧವಾಗುವುದಿಲ್ಲ. ಓಲಾಡುವ ಟ್ಯಾಂಕಿನಲ್ಲಿ ಎಣ್ಣೆ ಚೆನ್ನಾಗಿ ಬೆರೆಯುತ್ತಿದ್ದರೆ, ಮೊದಲ ಸುತ್ತಿನ ನಂತರ ತೇಲುವ ಕಲ್ಮಶದಲ್ಲಿ ಶೇಕಡಾ 37, ಎರಡರ ನಂತರ ಶೇಕಡಾ 14ರಷ್ಟು, ಮೂರರ ನಂತರ ಶೇಕಡಾ 5ರಷ್ಟು ಉಳಿಯುತ್ತದೆ. ಫಿಲ್ಟರ್ ತನ್ನ ಕೆಲಸವನ್ನು ಪೂರ್ತಿ ಮಾಡಿದರೂ ಇಷ್ಟೇ. ಮೂರು ಸುತ್ತಿಗೆ ಹನ್ನೆರಡೂವರೆ ತಾಸು. ಒಂದು ರಾತ್ರಿಯ ಕೆಲಸವೆನ್ನಬಹುದು. ರೈತನ 200 ಲೀಟರಿನ ಬ್ಯಾರಲ್ಲಿಗೆ ಎರಡೂವರೆ ತಾಸು ಸಾಕು.

ಇದಕ್ಕೆ ಬೇಕಾದ ಶಕ್ತಿ ಎಷ್ಟು? ನಿಮಿಷಕ್ಕೆ 4 ಲೀಟರನ್ನು ಅರ್ಧ ಬಾರ್ ಒತ್ತಡದ ವಿರುದ್ಧ ಸಾಗಿಸಲು ಮೂರೂವರೆ ವ್ಯಾಟೂ ಬೇಡ. ಪಂಪಿನಲ್ಲಿ ಆಗುವ ನಷ್ಟ ಸೇರಿಸಿ 20 ವ್ಯಾಟ್ ಹಿಡಿದರೂ 12 ವೋಲ್ಟಿನ ಬ್ಯಾಟರಿಯಿಂದ ಎರಡು ಆಂಪಿಯರಿಗಿಂತ ಕಡಿಮೆ. ಅರ್ಧ ಎಚ್‌ಪಿ ಮೋಟಾರು ಎಂದರೆ 373 ವ್ಯಾಟ್. ಅದು ಇಲ್ಲಿ ದಂಡ. ನೋಡಬೇಕಾದ್ದು ಒಂದೇ: ಫಿಲ್ಟರಿನ ಮೇಲೆ ಬರೆದ ಹರಿವಿನ ಮಿತಿಯನ್ನು ಪಂಪು ಮೀರಬಾರದು.

ಬಾಯಿ ಪಂಪಲ್ಲ

ಮಕ್ಕಳೂ ಹಿರಿಯರೂ ಒಟ್ಟಿಗೆ ಓದಬೇಕಾದ ಮಾತು ಇದು. ಹಳ್ಳಿಗಳಲ್ಲಿ ಬ್ಯಾರಲ್ಲಿನಿಂದ ಡೀಸೆಲ್ ಇಳಿಸಲು ಪೈಪನ್ನು ಬಾಯಿಯಿಂದ ಹೀರುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಆ ಕೆಲಸ ಎಷ್ಟೋ ಸಲ ಮನೆಯ ಹುಡುಗನ ಪಾಲಿಗೆ ಬರುತ್ತದೆ. ತೆಳ್ಳಗಿನ ಡೀಸೆಲ್ ಗಂಟಲಿಗೆ ಬಂದಾಗ ಕೆಮ್ಮಿನೊಡನೆ ಶ್ವಾಸನಾಳಕ್ಕೆ ಜಾರಿದರೆ ಪುಪ್ಪುಸ ಉರಿದು ತೀವ್ರ ನ್ಯುಮೋನಿಯ ಆಗುತ್ತದೆ, ಪ್ರಾಣಕ್ಕೂ ಕುತ್ತು. ನುಂಗಿದ್ದರೆ ವಾಂತಿ ಮಾಡಿಸಲೇಬಾರದು, ಏಕೆಂದರೆ ಮೇಲೆ ಬರುವಾಗ ಅದು ಮತ್ತೆ ಪುಪ್ಪುಸಕ್ಕೆ ಇಳಿಯಬಹುದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬ್ಯಾರಲ್ಲಿಗೆ ಹಚ್ಚುವ ಕೈಪಂಪು ತಂದಿಟ್ಟರೆ ಈ ಭಯವೇ ಇಲ್ಲ.

ಬೆಂಕಿಯ ಎಚ್ಚರಿಕೆಯೂ ಬೇಕು. ನಮ್ಮ ದೇಶದ ಮಾನದಂಡದಂತೆ ಡೀಸೆಲಿನ ಜ್ವಲನಬಿಂದು 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬಾರದು, ಅಷ್ಟೇ. ಏಪ್ರಿಲ್ ಬಿಸಿಲಿನ ಬ್ಯಾರಲ್ಲು ಆ ಬಿಸಿಯನ್ನು ಸುಲಭವಾಗಿ ದಾಟುತ್ತದೆ. ಬೀಡಿ, ಕಿಡಿ ಹಾರಿಸುವ ಮೋಟಾರು ಹತ್ತಿರ ಇರಕೂಡದು. ಡೀಸೆಲಿನ ಪಂಪನ್ನು ಪೆಟ್ರೋಲಿಗೆ ಎಂದೂ ಬಳಸಕೂಡದು. ಸತುವಿನ ಲೇಪದ ಡಬ್ಬಿ, ತಾಮ್ರದ ಕೊಳವೆಗಳು ಡೀಸೆಲನ್ನು ಬೇಗ ಕೆಡಿಸುವುದರಿಂದ ಅವನ್ನೂ ದೂರವಿಡಬೇಕು.

ಮನೆಯಲ್ಲೇ ಪ್ರಯೋಗ

ಈ ತತ್ವವನ್ನು ನೋಡಲು ಡೀಸೆಲ್ ಬೇಕಿಲ್ಲ. ಎರಡು ಗಾಜಿನ ಬಾಟಲಿಗಳಲ್ಲಿ ಶೇಂಗಾ ಎಣ್ಣೆ ಹಾಕಿ, ಒಂದೊಂದು ಚಮಚ ಶಾಯಿ ಬೆರೆಸಿದ ನೀರು ಸೇರಿಸಿ ಬಿರಡೆ ಬಿಗಿಯಿರಿ. ಒಂದನ್ನು ಮೆಲ್ಲಗೆ ನಾಲ್ಕು ಸಲ ಓರೆಮಾಡಿ, ಇನ್ನೊಂದನ್ನು ಎರಡು ನಿಮಿಷ ಜೋರಾಗಿ ಕುಲುಕಿ, ಎರಡನ್ನೂ ಕಿಟಕಿಯಲ್ಲಿಡಿ. ಯಾವುದು ಎಷ್ಟು ಹೊತ್ತಿಗೆ ತಿಳಿಯಾಗುತ್ತದೆ ಎಂದು ಗಡಿಯಾರ ನೋಡಿ ಬರೆದಿಡಿ. ಮನೆಯಲ್ಲಿ ಎಂಜಿನ್ ಇದ್ದವರು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು: ತಮ್ಮ ಬ್ಯಾರಲ್ಲಿನ ಅಳತೆಗೆ ಎಷ್ಟು ಲೀಟರಿನ ಪಂಪು ಬೇಕು, ಎಷ್ಟು ತಾಸು ಓಡಿಸಬೇಕು ಎಂಬ ಲೆಕ್ಕವನ್ನು ಮಾಡಿ ಅಪ್ಪನ ಮುಂದಿಡಲಿ. ಪೇಟೆಗೆ ಪಂಪು ತರಲು ಹೊರಟಾಗ ಆ ಚೀಟಿ ಅಪ್ಪನ ಕಿಸೆಯಲ್ಲಿದ್ದರೆ ಒಳ್ಳೆಯದು.