ಗಾಳದ ಕೋಲಿಗೆ ಅಂಟು ಸರಿ, ಕೈಗೆ ಹತ್ತಿದ್ದು ಬಿಡಿಸೋರ್ಯಾರು?

ಯಾದಗಿರಿ: ಭೀಮೆಯ ದಂಡಿಯಲ್ಲಿರಲಿ, ತಿಂಥಣಿಯ ಕೃಷ್ಣೆಯಲ್ಲಿರಲಿ, ನಾರಾಯಣಪುರದ ಬಸವಸಾಗರದ ಹಿನ್ನೀರಿನಲ್ಲಿರಲಿ, ಹೊಟ್ಟೆಪಾಡಿನ ಮೀನುಗಾರ ನಂಬಿರುವುದು ಬಲೆ, ಹರಗೋಲು. ಗಾಳ ಹಾಕಿ ತಾಸುಗಟ್ಟಲೆ ಕೂಡುವವರ ಮಂದಿಯೇ ಬೇರೆ. ಅವರಿಗೆ ಮೀನಿಗಿಂತ ಕೋಲಿನ ಮೇಲೆ ಪ್ರೀತಿ ಹೆಚ್ಚು ಎನ್ನಬೇಕು!

ಹಿಂದೆ ಬಿದಿರ ಕೋಲು ಸಾಕಾಗಿತ್ತು. ಈಗ ಫೈಬರ್ ಕೋಲು ಬಂದಿದೆ. ದಾರ ಹಾಯಲು ಅದರ ಉದ್ದಕ್ಕೂ ಸಣ್ಣ ಉಂಗುರಗಳು. ಬಂಡೆಗೆ ಬಡಿದು ಒಂದು ಉಂಗುರ ಕಿತ್ತರೆ ಹೊಸ ಕೋಲು ಕೊಳ್ಳಲು ಎಲ್ಲರ ಬಳಿ ರೊಕ್ಕ ಎಲ್ಲಿಂದ ಬರಬೇಕು? ಉಂಗುರದ ಕಾಲಿನ ಮೇಲೆ ನೂಲು ಬಿಗಿಯಾಗಿ ಸುತ್ತಿ, ಅದರ ಮೇಲೆ ಎಪಾಕ್ಸಿ ಸವರಿ, ಅಂಟು ಒಂದೇ ಕಡೆ ಇಳಿಯದಂತೆ ಕೋಲನ್ನು ಮೆಲ್ಲಗೆ ತಿರುಗಿಸುತ್ತ ಒಣಗಿಸಬೇಕು.

ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ 1946ರಲ್ಲಿ ಅರಾಲ್ಡೈಟ್ ಎಂದು ಪೇಟೆಗೆ ತಂದದ್ದು ಈ ಜಾತಿಯ ಅಂಟನ್ನೇ. ಇಂದು ಶಹಾಪುರ, ಸುರಪುರದ ಹಾರ್ಡ್‌ವೇರ್ ಅಂಗಡಿಗಳಿಗೂ ಅದು ಹೊಸದಲ್ಲ. ಎರಡು ಟ್ಯೂಬು, ಒಂದರಲ್ಲಿ ರಾಳ, ಇನ್ನೊಂದರಲ್ಲಿ ಗಟ್ಟಿ ಮಾಡುವ ದ್ರವ. ಎರಡೂ ಕೂಡಿದರೆ ಮುಗಿಯಿತು, ಹಿಂದಕ್ಕೆ ಹೋಗುವ ಮಾತಿಲ್ಲ.

ತಕರಾರು ಇರುವುದು ಇಲ್ಲಿಯೇ. ನಮ್ಮ ಬಡಿಗೇರರಿಗೆ ಅರಗಿನ ಪಾಲಿಶ್ ಗೊತ್ತು. ಅದು ಒಣಗಿ ವರ್ಷವಾದರೂ ಸ್ಪಿರಿಟ್ಟು ಹಚ್ಚಿ ತಿಕ್ಕಿದರೆ ಕರಗಿ ಬರುತ್ತದೆ. ಎಪಾಕ್ಸಿಯೂ ಹಾಗೇ ಇದ್ದೀತೆಂದು ‘ನಾಳೆ ವರೆಸಿದರಾತು’ ಅಂತ ಬಿಟ್ಟರೆ ಕೆಟ್ಟಿತು. ಮರುದಿನ ಸ್ಪಿರಿಟ್ಟು, ಸೀಮೆಎಣ್ಣೆ ಏನು ಸುರಿದರೂ ಅದು ಜಪ್ಪಯ್ಯ ಅನ್ನುವುದಿಲ್ಲ. ಯಾಕೆಂದರೆ ಅದು ಬರೀ ಒಣಗಿದ್ದಲ್ಲ, ರಾಸಾಯನಿಕವಾಗಿ ಒಂದಕ್ಕೊಂದು ಹೆಣೆದುಕೊಂಡು ಬೇರೆ ವಸ್ತುವೇ ಆಗಿರುತ್ತದೆ. ಆಮೇಲೆ ಹದವಾಗಿ ಬಿಸಿ ಮಾಡಿ, ಮೆತ್ತಗಾದಾಗ ಕಟ್ಟಿಗೆ ಚೂರಿನಿಂದ ಮೆಲ್ಲಗೆ ಕೆರೆಯುವುದೊಂದೇ ಉಪಾಯ. ಬಿಸಿ ಹೆಚ್ಚಾದರೆ ಕೋಲೇ ಹಾಳು.

ಆದ್ದರಿಂದ ಹಸಿ ಇದ್ದಾಗಲೇ ವರೆಸಬೇಕು. ಹತ್ತಿ ಬಟ್ಟೆಗೆ ಸ್ವಲ್ಪ ಸ್ಪಿರಿಟ್ಟು ಹಾಕಿ, ಹಿಡಿಕೆಗೆ, ಕೋಲಿಗೆ ಸಿಡಿದದ್ದನ್ನು ತೆಗೆಯಬೇಕು. ನೂಲು ಸುತ್ತಿದ ಜಾಗಕ್ಕೆ ಮಾತ್ರ ಸ್ಪಿರಿಟ್ಟು ಹೋಗಬಾರದು. ಅಂಟು ತೆಳ್ಳಗಾಗಿ ಶಕ್ತಿ ಕಳಕೊಳ್ಳುತ್ತದೆ. ಬ್ರಷ್ಷನ್ನೂ ಆಗಲೇ ತೊಳೆಯಬೇಕು. ಬಿಸಿಲು 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಕಲಸಿದರೆ ಸಿಗುವ ವೇಳೆ ಇನ್ನೂ ಕಡಿಮೆ. ಬಟ್ಟಲಲ್ಲಿ ದಪ್ಪಗೆ ಉಳಿದದ್ದು ತನ್ನಷ್ಟಕ್ಕೆ ತಾನೇ ಕಾದು ಕೈ ಸುಡುವಷ್ಟು ಆಗುತ್ತದೆ. ಮುಂಜಾನೆಯ ತಂಪಿನಲ್ಲಿ, ಬೇಕಾದಷ್ಟೇ ಕಲಸಿಕೊಳ್ಳುವುದು ಜಾಣತನ.

ಕೋಲಿನ ಕಥೆ ಹಾಗಿರಲಿ, ಕೈಯ ಗತಿ? ಗ್ಯಾರೇಜಿನಲ್ಲಿ ಗ್ರೀಸು ತೊಳೆದಂತೆ ಇದಕ್ಕೂ ತಿನ್ನರ್, ಪೆಟ್ರೋಲು ಸುರಿದು ಕೈ ತಿಕ್ಕುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ತಿನ್ನರ್ ಚರ್ಮದ ಎಣ್ಣೆ ತೆಗೆಯುತ್ತದೆ, ಕರಗಿದ ರಾಳವನ್ನು ಚರ್ಮದೊಳಗೆ ಇಳಿಸುತ್ತದೆ. ಮೊದಮೊದಲು ಏನೂ ಆಗುವುದಿಲ್ಲ. ‘ಇಷ್ಟು ದಿನ ಮಾಡೀವಿ, ಏನಾಗೇತಿ?’ ಎಂಬ ಧೈರ್ಯ ಬರುವುದೇ ಅದರಿಂದ. ಒಮ್ಮೆ ಮೈಗೆ ಒಗ್ಗದೆ ಹೋಯಿತೋ, ಮುಂದೆ ಒಂದು ಹನಿ ತಾಗಿದರೂ ತುರಿಕೆ, ಗುಳ್ಳೆ, ಮೋರೆಯೆಲ್ಲ ಕೆಂಪು. ಈ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಬಿಡುವುದಿಲ್ಲ. ಹವ್ಯಾಸದವರು ಕೋಲು ಮೂಲೆಗಿಟ್ಟು ಸುಮ್ಮನಾಗಬಹುದು. ದಿನಾ ಅಂಟಿನಲ್ಲೇ ಕೈಯಾಡಿಸಿ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು ಕಸುಬನ್ನೇ ಬಿಡಬೇಕಾದೀತು.

ಕೈಗೆ ನೈಟ್ರೈಲ್ ಗ್ಲೌಸು ಹಾಕಿದರೆ ಈ ರಗಳೆಯೇ ಇಲ್ಲ. ತಾಗಿಬಿಟ್ಟರೆ ಒಣ ಬಟ್ಟೆಯಿಂದ ವರೆಸಿ, ಸಾಬೂನು ನೀರಿನಿಂದ ತೊಳೆಯುವುದು. ಅಷ್ಟೇ ಔಷಧ.

ಇನ್ನು ಉಳಿದ ಅಂಟನ್ನು, ಬ್ರಷ್ಷು ತೊಳೆದ ಸ್ಪಿರಿಟ್ಟನ್ನು ಹೊಳೆಗೋ ಗಟಾರಕ್ಕೋ ಚೆಲ್ಲುವ ಮಂದಿ ಇದ್ದಾರೆ. ಹಸಿ ರಾಳ ಮೀನಿಗೆ ವಿಷ. ಮೀನು ಹಿಡಿಯುವ ಕೋಲು ರಿಪೇರಿ ಮಾಡಿ, ಮೀನಿಗೇ ವಿಷ ಹಾಕಿದರೆ ಗಾಳಕ್ಕೆ ಬೀಳುವುದೇನು? ಉಳಿದ ಅಂಟನ್ನು ಬಟ್ಟಲಲ್ಲೇ ಪೂರಾ ಗಟ್ಟಿಯಾಗಲು ಬಿಟ್ಟು, ಆ ಹೆಂಟೆಯನ್ನು ಕಸಕ್ಕೆ ಹಾಕಬೇಕು.